ಕೈ ತುಂಬಿದ ಸಿಸ್ಟರು

ನನಗೆ ಶಾಲು ಹೊದಿಸಿ ಒಂಬತ್ತು ವರ್ಷವಾಯಿತು. ಕೆಂಪು ಅಂಚಿನ ಶಾಲು, ಒಂದು ಬುಟ್ಟಿ ಮೋಸಂಬಿ, ಗೋಡೆಗೆ ತೂಗುಹಾಕುವ ಒಂದು ಫಲಕ. ಫಲಕದ ಮೇಲೆ 'ಕೈ ತುಂಬಿದ ಸಿಸ್ಟರ್ ದ್ರಾಕ್ಷಾಯಿಣಿಯವರಿಗೆ, ಊರಿನ ಸಮಸ್ತರಿಂದ' ಎಂದು ಬರೆದಿದೆ. ನಮ್ಮೂರಲ್ಲಿ ನರ್ಸ್ ಆದವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಬೇರೆ ಊರಿನವರಿಗೆ ಈ ಮಾತು ತಲೆಬುಡ ತಿಳಿಯುವುದಿಲ್ಲ. ಅದಕ್ಕೇ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ.

ನಮ್ಮೂರಲ್ಲಿ ಔಷಧಿ ಸುಮ್ಮಸುಮ್ಮನೆ ಮೈಗೆ ಹತ್ತುವುದಿಲ್ಲ. ಡಾಕ್ಟರು ಎಷ್ಟು ಬೇಕಾದರೂ ಬರೆಯಲಿ, ಕೊಡುವ ಕೈ ನರ್ಸಿನದು. ಆ ನರ್ಸಿಗೆ ಗೊತ್ತಿಲ್ಲದ ಏನಾದರೂ ಒಂದನ್ನು ರೋಗಿ ಮೊದಲು ಕಲಿಸಬೇಕು. ಕಲಿಸಿದರೆ ಅವಳ ಕೈಯಿಂದ ಕೊಟ್ಟ ಔಷಧಿ ಆ ಕಾಯಿಲೆ ಮುಗಿಯುವವರೆಗೂ ಹತ್ತುತ್ತದೆ. ಕಲಿಸದಿದ್ದರೆ ಚುಚ್ಚಿಸಿಕೊಂಡ ನೋವಷ್ಟೇ ಲಾಭ. ನಮ್ಮ ಆಸ್ಪತ್ರೆಯ ಕೇಸ್‌ಶೀಟಿನಲ್ಲಿ ಹೆಸರು, ವಯಸ್ಸು ಆದಮೇಲೆ 'ಪಾಠ' ಎಂದು ಒಂದು ಗೆರೆ ಇದೆ. ಟೈಫಾಯ್ಡಿನ ದರ್ಜಿಯ ಶೀಟಿನಲ್ಲಿ 'ಕಾಜಾ ಹೊಲಿಯುವುದು' ಎಂದಿರುತ್ತದೆ. ಗಂಟಲು ಬಾತ ಪುಟ್ಟ ಹುಡುಗಿಯದರಲ್ಲಿ 'ಕುಂಟೆಬಿಲ್ಲೆಯಲ್ಲಿ ಗೆರೆ ತುಳಿಯದೆ ತಿರುಗುವುದು' ಎಂದಿರುತ್ತದೆ. ಮಾತು ಬಾರದ ಕೂಸಿನ ಪರವಾಗಿ ತಾಯಿ ಕಲಿಸುತ್ತಾಳೆ. ಇದಕ್ಕೆಲ್ಲ ನಾವು ಹೊಂದಿಕೊಂಡುಬಿಟ್ಟಿದ್ದೇವೆ. ಸ್ವಲ್ಪ ಜಿಪುಣರೂ ಆಗಿದ್ದೇವೆ ಅನ್ನಿ. ಹಪ್ಪಳದ ಹಿಟ್ಟಿನ ಹದವನ್ನು ಅತ್ತೆ ಸೊಸೆಗೆ ಹೇಳಿಕೊಡುವುದಿಲ್ಲ. ಕೇಳಿದರೆ, 'ಅದನ್ನ ನನ್ನ ಕಣ್ಣಿನ ಆಪರೇಷನ್‌ಗೆ ಇಟ್ಕೊಂಡಿದೀನಿ ಕಣೆ, ಹೋಗೆ' ಎನ್ನುತ್ತಾಳೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಕಾಯಿಲೆಗೆಂದು ಎಷ್ಟು ಪಾಠ ಕಟ್ಟಿಕೊಂಡು ಬರುತ್ತಾಳೆ ಎಂದು ಕೇಳುತ್ತಾರೆ.

ಹೀಗೆ ಕಲಿತು ಕಲಿತು ಒಬ್ಬ ನರ್ಸಿಗೆ ಒಂದು ದಿನ ಊರಿನ ವಿದ್ಯೆಯೆಲ್ಲ ಬಂದುಬಿಡುತ್ತದೆ. ರೋಗಿಗಳು ಬಾಯಿ ತೆರೆಯುವುದರೊಳಗೆ ಅವಳಿಗೆ ಮುಂದಿನದು ಗೊತ್ತಿರುತ್ತದೆ. ಆಮೇಲೆ ಅವಳ ಕೈಯಲ್ಲಿ ಔಷಧಿ ಹತ್ತುವುದಿಲ್ಲ. ಅದಕ್ಕೆ ಕೈ ತುಂಬುವುದು ಎನ್ನುತ್ತಾರೆ. ನನ್ನ ಕೈ ತುಂಬಿದ್ದು ಪುಟ್ಟಗೌರಮ್ಮ ಎನ್ನುವ ಮುದುಕಿಯ ಮಂಚದ ಪಕ್ಕದಲ್ಲಿ. ಎದೆಯಲ್ಲಿ ಕಫ ಕಟ್ಟಿ, ಉಸಿರಿಗೆ ಒದ್ದಾಡುತ್ತಿದ್ದರು. ಅವತ್ತು ವಾರ್ಡಿನಲ್ಲಿ ಹದಿನಾಲ್ಕು ಜನ ರೋಗಿಗಳು, ನಾನೊಬ್ಬಳು. 'ಹುಣಸೇಹಣ್ಣು ಕಟ್ಟಿಡೋವಾಗ, ಉಪ್ಪು ಹಾಕೋಕೆ ಮುಂಚೆ, ನಾನೊಂದು ಮಾಡ್ತೀನಿ ಸಿಸ್ಟರ್...' ಎಂದು ಶುರುಮಾಡಿದರು. 'ಗೊತ್ತಮ್ಮಾ, ಗೊತ್ತು' ಎಂದೆ ನಾನು. ಆಕೆ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಮೂರು ಸಾರಿ ಚುಚ್ಚಿದೆ, ಹತ್ತಲಿಲ್ಲ. ಪಾಳಿ ಬದಲಾಗಿ ಇನ್ನೊಬ್ಬ ಸಿಸ್ಟರ್ ಬರುವ ಹೊತ್ತಿಗೆ ಮುದುಕಿಗೆ ಮಾತು ನಿಂತಿತ್ತು. ಸಂಜೆಗೆ ಹೋಗಿಬಿಟ್ಟರು. ಊರೆಲ್ಲ ಬೆರಗಾಯಿತು. ಪುಟ್ಟಗೌರಮ್ಮನಂಥ ಗೃಹಿಣಿಯ ಪಾಠವೇ ಗೊತ್ತಿತ್ತು ಎಂದಮೇಲೆ ದ್ರಾಕ್ಷಾಯಿಣಿಗೆ ಇನ್ನು ಯಾರು ಏನು ಕಲಿಸಿಯಾರು! ಮುಂದಿನ ವಾರವೇ ಸಮಾರಂಭ. ಮೋಸಂಬಿ ಬುಟ್ಟಿ ಕೊಟ್ಟವಳು ಪುಟ್ಟಗೌರಮ್ಮನ ಮಗಳು ಸುಶೀಲಮ್ಮನೇ. ಮುದುಕಿಗೆ ವಯಸ್ಸಾಗಿತ್ತು, ಕಾಲ ಬಂದಿತ್ತು, ನಾನು ಮಾಡುವುದನ್ನೆಲ್ಲ ಮಾಡಿದ್ದೆ. ಹೀಗೆಂದು ಒಂಬತ್ತು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೈ ತುಂಬಿದವರನ್ನು ವಾರ್ಡಿನಲ್ಲಿ ಇಟ್ಟುಕೊಂಡು ಏನು ಮಾಡುತ್ತಾರೆ? ನರ್ಸಿಂಗ್ ಕಾಲೇಜಿಗೆ ಮೇಷ್ಟ್ರಾಗಿ ಕಳಿಸುತ್ತಾರೆ. ಹೀಗಾಗಿ ನಮ್ಮ ಕಾಲೇಜಿನಲ್ಲಿ ಪಾಠ ಹೇಳುವವರೆಲ್ಲ ಒಬ್ಬ ರೋಗಿಯ ನೆಗಡಿಯನ್ನೂ ವಾಸಿಮಾಡಲಾರದವರು. ಬೇರೆ ಊರಿನ ಕಾಲೇಜುಗಳಲ್ಲಿ ಹೇಗೋ ನಾನು ಕಾಣೆ.

ಇಂಥ ಊರಿಗೆ ಜಾಗತಿಕ ನಾಯಕತ್ವ ಬಂತು. ಮಂಗಳವಾರದ ಬಸ್ಸಿನಲ್ಲಿ ಬಂತು. ನಮ್ಮೂರಿಗೆ ಬಸ್ಸು ಇರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಪ್ರಿನ್ಸಿಪಾಲ್ ಕುಮುದಿನಿ ಮೇಡಂ ಹಿಂದಿನ ದಿನವೇ ನನ್ನನ್ನು ಕರೆದು, 'ದ್ರಾಕ್ಷಾಯಿಣಿ ಮೇಡಂ, ನಮ್ಮ ಎಂ.ಎಸ್ಸಿ. ಹುಡುಗೀರು ಇನ್ಮೇಲೆ ಜಾಗತಿಕ ಮಟ್ಟಕ್ಕೆ ಹೋಗಬೇಕು' ಎಂದಿದ್ದರು. 'ಹೋಗ್ಲಿ ಮೇಡಂ, ಆದರೆ ಬಸ್ಸು ವಾರಕ್ಕೆರಡೇ ಇರೋದು' ಎಂದೆ. ಅವರಿಗೆ ನಗು ಬರಲಿಲ್ಲ. 'ಜಾಗತಿಕ ನಾಯಕತ್ವ ಮತ್ತು ಸಾಂಸ್ಕೃತಿಕ ವಿನಯ' ಎನ್ನುವ ಮೂರು ವಾರದ ಕೋರ್ಸಿಗೆ ನನ್ನನ್ನು ಸಂಯೋಜಕಿ ಮಾಡಿದರು. ಅಂದರೆ ಹಾಜರಿ ಹಾಕುವುದು, ಕಾಫಿ ತರಿಸುವುದು, ಪಾಠ ಹೇಳಲು ಹೊರಗಿನಿಂದ ಬರುವ ಪ್ರೊಫೆಸರರು ತಮಾಷೆ ಮಾಡಿದಾಗ ಮೊದಲು ನಗುವುದು.

ಪ್ರೊಫೆಸರರ ಹೆಸರು ಡಾಕ್ಟರ್ ರಂಗಪ್ರಸಾದ್. ಐವತ್ತೈದರ ಆಸುಪಾಸು, ಬಿಳಿ ಗಡ್ಡ, ಕುತ್ತಿಗೆಗೆ ರೇಷ್ಮೆ ಕರವಸ್ತ್ರ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿಗಿಂತ ಬಿರುದುಗಳೇ ಜಾಸ್ತಿ, ಹಿಂದುಗಡೆಯೂ ಮುಂದುವರಿದಿದ್ದವು. ನಲವತ್ತೆರಡು ಸ್ಲೈಡು ತಂದಿದ್ದರು. ಮೊದಲನೆಯ ಸ್ಲೈಡಿನಲ್ಲಿ ಅವರದೇ ಫೋಟೋ, ಕೆಳಗೆ 'ವಿನಯದ ವಿಶ್ವಪ್ರವಾಸಿ' ಎಂದು. ಎರಡನೆಯದರಲ್ಲಿ ನಾಯಕತ್ವದ ಐದು ಕಂಬಗಳು: ಆಲಿಸು, ಬಾಗು, ಕಲಿ, ಹಂಚು, ಬೆಳೆಸು. ಮುಂದಿನ ಸ್ಲೈಡುಗಳಲ್ಲಿ ಹದಿನೇಳು ದೇಶದವರು ರೋಗಿಗೆ ಹೇಗೆ ನಮಸ್ಕಾರ ಮಾಡುತ್ತಾರೆ ಎನ್ನುವುದು. ಒಂದು ದೇಶದಲ್ಲಿ ಮೂಗಿಗೆ ಮೂಗು ತಾಗಿಸುತ್ತಾರಂತೆ. ಹನ್ನೆರಡು ಹುಡುಗಿಯರೂ ಜೋಡಿಯಾಗಿ ನಿಂತು ಮೂಗು ತಾಗಿಸಿ ಅಭ್ಯಾಸ ಮಾಡಿದರು, ಆಮೇಲೆ ವಾರ್ಡಿಗೆ ಹೋಗಿ ಸಿಸ್ಟರುಗಳ ಮೇಲೂ ಮಾಡಿದರು. ಒಬ್ಬಳಿಗೆ ಟೋಪಿ ಹಾಕಿ ಪರದೇಶದ ರೋಗಿ ಮಾಡಿದರು. ಉಳಿದವರು ಅವಳ ಸುತ್ತ ಕೂತು ಕಣ್ಣಲ್ಲಿ ಕಣ್ಣಿಟ್ಟು ಆಲಿಸಿದರು. ಅವಳು ಪಾಪ, ಏನು ಹೇಳಬೇಕೆಂದು ತೋಚದೆ ತನ್ನ ವಿಳಾಸ ಹೇಳಿದಳು. ಅಷ್ಟು ಹೊತ್ತೂ ಪಕ್ಕದ ವಾರ್ಡಿನಲ್ಲಿ ನಿಜವಾದ ರೋಗಿಗಳು ಪಾಠ ಕೊಡಲು ಕಾದು ಕೂತಿದ್ದರು.

ನಮ್ಮೂರಿನ ರೀತಿಯನ್ನು ಅವರಿಗೆ ಮೊದಲ ದಿನವೇ ಹೇಳಿದ್ದೆವು. ಪ್ರೊಫೆಸರರು ಎದೆಯ ಮೇಲೆ ಕೈಯಿಟ್ಟು, 'ಎಂಥ ಸುಂದರವಾದ ಸ್ಥಳೀಯ ನಂಬಿಕೆ! ನಾನಿದನ್ನು ತುಂಬು ಹೃದಯದಿಂದ ಗೌರವಿಸುತ್ತೇನೆ' ಎಂದರು. ಹಿಂದಿನ ಬೆಂಚಿನಿಂದ ಹೊನ್ನೂರ್‌ಬೀ ಎನ್ನುವ ಹುಡುಗಿ ಎದ್ದು, 'ನಂಬಿಕೆ ಅಲ್ಲ ಸಾರ್, ನಿಜವಾಗ್ಲೂ ಮಾತ್ರೆ ಹತ್ತಲ್ಲ' ಎಂದಳು. 'ಅದನ್ನೂ ಗೌರವಿಸುತ್ತೇನೆ' ಎಂದರು ಅವರು. ಗೌರವಿಸುವುದೊಂದು ಬಿಟ್ಟು ಆ ಮನುಷ್ಯನಿಗೆ ಬೇರೇನೂ ಬರುತ್ತಿರಲಿಲ್ಲ.

ಹದಿನೈದನೇ ಸ್ಲೈಡ್ ಮುಗಿದ ಮೇಲೆ ವಿನಯ ಸೂಚ್ಯಂಕ ಎಂಬ ಪರೀಕ್ಷೆ ನಡೆಯಿತು. 'ನಾನು ವಿನಯವಂತಳು' ಎಂಬ ವಾಕ್ಯದ ಮುಂದೆ ಒಂದರಿಂದ ಐದರವರೆಗೆ ಅಂಕ ಹಾಕಿಕೊಳ್ಳಬೇಕು. ಹನ್ನೊಂದು ಹುಡುಗಿಯರು ಐದಕ್ಕೆ ಐದು ಹಾಕಿಕೊಂಡರು. ಒಬ್ಬಳಂತೂ ಆರು ಹಾಕಲು ಜಾಗವಿಲ್ಲವೆಂದು ಪಕ್ಕದಲ್ಲಿ ನಕ್ಷತ್ರ ಬರೆದಿದ್ದಳು. ಹೊನ್ನೂರ್‌ಬೀ ಎರಡು ಹಾಕಿದ್ದಳು. ಪ್ರೊಫೆಸರರು ಅವಳನ್ನು ಎಬ್ಬಿಸಿ, 'ನಿನ್ನಲ್ಲಿ ವಿನಯದ ತೀವ್ರ ಕೊರತೆ ಕಾಣುತ್ತಿದೆ' ಎಂದರು. 'ಐದು ಹಾಕ್ಕೊಂಡ್ರೆ ಜಂಬ ಆಗಲ್ವಾ ಸಾರ್?' ಎಂದು ಅವಳು ಕೇಳಿದಳು. ಕೇಳಬಾರದಿತ್ತು. ಪ್ರಶ್ನೆಯ ಧ್ವನಿಯಲ್ಲಿ ವಿನಯವಿಲ್ಲವೆಂದು ಅವಳನ್ನು ಕೋರ್ಸಿನಿಂದ ಹೊರಗೆ ಹಾಕಿ, ವಾರ್ಡಿನಲ್ಲಿ ಬೆಡ್‌ಪ್ಯಾನ್ ತೊಳೆಯುವ ಕೆಲಸಕ್ಕೆ ಹಚ್ಚಿದರು. ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಒಳಗೊಳಗೇ ನಗು ಬರುತ್ತಿತ್ತು. ಆದರೆ ಬಾಯಿ ಬಿಡಲಿಲ್ಲ. ನಾನು ಆ ಕಾಲೇಜಿನಲ್ಲಿ ಹುಷಾರಾಗಿದ್ದವಳು.

ಮೂರನೆಯ ಶುಕ್ರವಾರ, ಬಸ್ಸು ಹೋದ ಮೇಲೆ, 'ಜಾಗತಿಕ ನಾಯಕತ್ವ ಭವನ'ಕ್ಕೆ ಪ್ರೊಫೆಸರರ ಕೈಯಿಂದಲೇ ಅಡಿಗಲ್ಲು ಹಾಕಿಸಿದರು. ಕಲ್ಲಿನ ಮೇಲೆ ಅವರ ಹೆಸರು ದೊಡ್ಡದಾಗಿ ಕೆತ್ತಿಸಿದ್ದರು. ಅದನ್ನು ಓದುತ್ತಾ ಮುಂದೆ ಬಂದರು ನೋಡಿ, ಆ ಕಲ್ಲಿಗೇ ಹೆಬ್ಬೆರಳು ಎಡವಿ ಉಗುರು ಕಿತ್ತುಬಂತು. 'ಏನಿಲ್ಲ, ಏನಿಲ್ಲ' ಎಂದು ಭಾಷಣ ಮುಗಿಸಿದರು. ಭಾನುವಾರ ಬೆಳಿಗ್ಗೆ ಹೊತ್ತಿಗೆ ಕಾಲು ಕುಂಬಳಕಾಯಿಯ ಹಾಗೆ ಊದಿಕೊಂಡು ನೂರನಾಲ್ಕು ಡಿಗ್ರಿ ಜ್ವರ. ಡಾಕ್ಟರು ಬಂದು ನೋಡಿ, 'ನಂಜು ರಕ್ತಕ್ಕೆ ಸೇರ್ತಾ ಇದೆ. ಮಂಗಳವಾರದ ಬಸ್ಸಿನತನಕ ಕಾಯೋಕಾಗಲ್ಲ, ಇವತ್ತೇ ಔಷಧಿ ಹತ್ತಬೇಕು' ಎಂದು ಚೀಟಿ ಬರೆದು, ನಮ್ಮ ಕಡೆ ನೋಡಿ ಹೋದರು. ಅಲ್ಲಿಗೆ ಅವರ ಕೆಲಸ ಮುಗಿಯಿತು.

ಮೊದಲ ರ್‍ಯಾಂಕಿನ ಹುಡುಗಿ ಕೈ ತೊಳೆದುಕೊಂಡು ಬಂದಳು. ನಮ್ಮಲ್ಲಿ ಮೊದಲು ಒಂದು ಜ್ವರದ ಮಾತ್ರೆ ಕೊಟ್ಟು, ಅದು ಹತ್ತಿದರೆ ಆಮೇಲೆ ಸೂಜಿ. 'ಸಾರ್, ಏನಾದ್ರೂ ಕಲಿಸಿ' ಎಂದಳು. ಪ್ರೊಫೆಸರರು ನರಳುತ್ತಾ, 'ನಾಯಕತ್ವಕ್ಕೆ ಐದು ಕಂಬ...' ಎಂದರು. 'ಆಲಿಸು, ಬಾಗು, ಕಲಿ, ಹಂಚು, ಬೆಳೆಸು' ಎಂದು ಅವಳೇ ಮುಗಿಸಿಬಿಟ್ಟಳು. ಮಾತ್ರೆ ಹತ್ತಲಿಲ್ಲ. ಎರಡನೆಯವಳು ಬಂದಳು. ಅವರು ಒಂದು ದೇಶದ ಹೆಸರು ಹೇಳಿದರೆ ಇವಳು ಅಲ್ಲಿಯ ನಮಸ್ಕಾರ ಮಾಡಿ ತೋರಿಸಿದಳು. ಹೀಗೆ ಹನ್ನೊಂದು ಕೈಯಿಂದ ಹನ್ನೊಂದು ಮಾತ್ರೆ ಹೋಯಿತು, ಪೆಪ್ಪರಮಿಂಟು ಚೀಪಿದಷ್ಟೇ ಆಯಿತು. ಪಾಪ, ಅವರು ಒಳ್ಳೆಯ ಮೇಷ್ಟ್ರು. ಹೇಳಿದ್ದೆಲ್ಲವೂ ಹುಡುಗಿಯರಿಗೆ ಬಾಯಿಪಾಠ ಬಂದಿತ್ತು. ವಾರ್ಡಿನ ಸಿಸ್ಟರುಗಳೂ ಬಂದರು. ಅವರ ಕಿವಿಗೂ ಈ ಹುಡುಗಿಯರು ಮೂರು ವಾರದಿಂದ ನಲವತ್ತೆರಡು ಸ್ಲೈಡನ್ನು ಊದಿ ಊದಿ ಇಟ್ಟಿದ್ದರು. ಅಲ್ಲೂ ಆಗಲಿಲ್ಲ.

ಆಗ ಕುಮುದಿನಿ ಮೇಡಂಗೆ ಹೊಳೆಯಿತು. 'ಹೊನ್ನೂರ್‌ಬೀ! ಅವಳು ಹದಿನಾರನೇ ಸ್ಲೈಡಿನಿಂದ ಏನೂ ಕಲಿತಿಲ್ಲ. ಕರೀರಿ ಅವಳನ್ನ!' ಎಂದರು. ಹುಡುಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಪ್ರೊಫೆಸರರು ಹಲ್ಲು ಕಟಕಟಿಸುತ್ತಾ ಹದಿನಾರರಿಂದ ನಲವತ್ತೆರಡರವರೆಗೆ ಹೇಳಿದರು. ರೋಗಿಯ ಊಟವನ್ನು ಹೀಯಾಳಿಸಬಾರದು. ರೋಗಿಯ ದೇವರನ್ನು ಹೀಯಾಳಿಸಬಾರದು. ಗೊತ್ತಿಲ್ಲದಿದ್ದರೆ ಕೇಳಬೇಕು. ಹೊನ್ನೂರ್‌ಬೀ ಕೊನೆಯವರೆಗೂ ಕೇಳಿದಳು. ಮಾತ್ರೆ ಕೊಟ್ಟಳು. ಅರ್ಧ ಗಂಟೆ ಬಿಟ್ಟು ಥರ್ಮಾಮೀಟರ್ ನೋಡಿದರೆ ನೂರನಾಲ್ಕು ಎಲ್ಲಿಗೂ ಹೋಗಿರಲಿಲ್ಲ.

'ಸಾರ್, ಬೇಜಾರ್ ಮಾಡ್ಕೋಬೇಡಿ' ಎಂದಳು ಅವಳು. 'ಸ್ಲೈಡ್ ನಾನು ಕೇಳಿರ್ಲಿಲ್ಲ, ನಿಜ. ಆದ್ರೆ ಅದರಲ್ಲಿರೋದು ನಮ್ಮಜ್ಜಿಗೂ ಗೊತ್ತು.'

ಪ್ರೊಫೆಸರರು ಅವಳ ಮುಖವನ್ನೇ ನೋಡಿದರು. ಆಮೇಲೆ ಆ ದೊಡ್ಡ ಮನುಷ್ಯ ಗಡ್ಡ ನಡುಗಿಸುತ್ತಾ ಅತ್ತುಬಿಟ್ಟರು. 'ಇಪ್ಪತ್ತಾರು ವರ್ಷದಿಂದ ಇದನ್ನೇ ಹೇಳ್ಕೊಂಡು ಬಂದಿದೀನಮ್ಮ. ಇಷ್ಟು ಬಿಟ್ಟರೆ ನನ್ನ ಹತ್ತಿರ ಇನ್ನೇನೂ ಇಲ್ಲ. ನಾನು ಸತ್ತುಹೋಗ್ತೀನಾ?' ಎಂದರು. ಅಲ್ಲಿಯವರೆಗೂ ಈ ಮನುಷ್ಯ ನನಗೆ ಒಂದು ತಮಾಷೆಯಾಗಿದ್ದರು. ಆ ಮಾತು ಕೇಳಿದಮೇಲೆ ತಮಾಷೆಯಾಗಿ ಉಳಿಯಲಿಲ್ಲ. ಅವರು ಅವಳ ಮುಖ ನೋಡಿದ ಹಾಗೆಯೇ, ಮಂಚದ ಮೇಲೆ ಮಲಗಿ ನನ್ನ ಮುಖ ನೋಡಿದವರು ಹಿಂದೆ ಒಬ್ಬರಿದ್ದರು.

ಕುಮುದಿನಿ ಮೇಡಂ ಕಣ್ಣೊರೆಸಿಕೊಂಡು, 'ಈ ಸಂದರ್ಭವನ್ನು ನಾವು ನಾಯಕತ್ವದಿಂದ, ಹಾಗೆಯೇ ವಿನಯದಿಂದ ಎದುರಿಸಬೇಕು' ಎಂದು ತುರ್ತು ಸಭೆ ಕರೆದರು. ಹನ್ನೊಂದು ಹುಡುಗಿಯರು, ವಾರ್ಡಿನ ಸಿಸ್ಟರುಗಳು ಎಲ್ಲರೂ ಮೇಲಿನ ಹಾಲಿಗೆ ಹೋದರು. ಸಭೆಯ ಮೊದಲ ಅರ್ಧ ಗಂಟೆ ಅಧ್ಯಕ್ಷತೆ ಯಾರದು ಎನ್ನುವುದಕ್ಕೇ ಹೋಯಿತಂತೆ. ಎಲ್ಲರೂ ವಿನಯವಂತರು, ನೀವಿರಿ ನೀವಿರಿ ಎನ್ನುತ್ತಿದ್ದರಂತೆ. ಹೊನ್ನೂರ್‌ಬೀಗೆ ಸಭೆಯಲ್ಲಿ ಕೂರುವ ಅರ್ಹತೆ ಇರಲಿಲ್ಲ. ನನಗೆ ರೋಗಿಯನ್ನು ನೋಡಿಕೊಳ್ಳಿ ಎಂದರು. ನೋಡಿಕೊಳ್ಳುವುದೆಂದರೆ ಬರೀ ನೋಡುವುದು, ಅಷ್ಟೇ.

ಹೊನ್ನೂರ್‌ಬೀ ನಾಡಿ ಹಿಡಿಯಲು ಹೋದಳು. ಜ್ವರದ ಮಂಪರಿನಲ್ಲಿದ್ದ ಪ್ರೊಫೆಸರರು ತಟ್ಟನೆ ಅವಳ ಕೈಯನ್ನೇ ಹಿಡಿದುಕೊಂಡರು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ನಾಲ್ಕೂ ಬೆರಳಿನ ಗೆಣ್ಣನ್ನು ಒಟ್ಟುಮಾಡಿ ಮೆಲ್ಲಗೆ ಅಮುಕಿ, 'ಕೈ ಸಡ್ಲ ಬಿಡವ್ವಾ, ಸಡ್ಲ ಬಿಡು. ಯಾವೂರಾತು ನಿಂದು?' ಎಂದರು. ಧ್ವನಿಯೇ ಬೇರೆ. ಆ ಧ್ವನಿಯಲ್ಲಿ ಒಂದು ಸ್ಲೈಡೂ ಇರಲಿಲ್ಲ.

ಹುಡುಗಿ ಕಣ್ಣರಳಿಸಿ, 'ಮೇಡಂ! ಸಾರ್ ಬಳೆ ತೊಡಿಸೋರು! ನಮ್ಮಜ್ಜಿದು ಬಳೆ ಅಂಗಡಿ, ಅವಳೂ ಕೈ ಹಿಂಗೇ ಹಿಡಿಯೋದು' ಎಂದಳು.

ಪ್ರೊಫೆಸರರು ಎಚ್ಚರಾಗಿ ಕೈ ಬಿಟ್ಟುಬಿಟ್ಟರು. 'ಅದು... ಅದು ನಮ್ಮಪ್ಪನ ಕೆಲಸ. ಚಿಕ್ಕವನಿದ್ದಾಗ ಜೊತೆಗೆ ಹೋಗ್ತಿದ್ದೆ, ಅಷ್ಟೇ. ಅದನ್ನ ಎಲ್ಲೂ ಬರ್ಕೊಂಡಿಲ್ಲ ನಾನು' ಎಂದು ಗೋಡೆ ಕಡೆ ತಿರುಗಿದರು. 'ಅದು ಪಾಠ ಅಲ್ಲ.'

'ಅದೇ ಸಾರ್ ಪಾಠ!' ಎಂದಳು ಹೊನ್ನೂರ್‌ಬೀ. ಆಮೇಲೆ ಅವಳ ಮುಖ ಸಪ್ಪಗಾಯಿತು. 'ಆದ್ರೆ ನಂಗೆ ಬರುತ್ತೆ. ನನ್ನ ಕೈಲಿ ಹತ್ತಲ್ಲ. ಮೇಡಂ, ನೀವೇ ಕಲೀರಿ.'

'ಹುಚ್ಚಾ ನಿಂಗೆ? ನನ್ನ ಕೈ ತುಂಬಿದೆ ಕಣೆ. ಶಾಲು ಹೊದಿಸಿದಾರೆ' ಎಂದೆ.

'ಬಳೆ ತೊಡಿಸೋಕೆ ಬರುತ್ತಾ ನಿಮಗೆ?'

ಗೊತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಯೋಚಿಸದೆಯೇ ಬರುವ ಮಾತು. ಮೂವತ್ತು ವರ್ಷ ವಾರ್ಡಿನಲ್ಲಿ ಬರೀ ಕೈಯಲ್ಲಿ ಓಡಾಡಿದವಳು ನಾನು. ಡ್ಯೂಟಿಯಲ್ಲಿ ಬಳೆ ಹಾಕುವ ಹಾಗಿಲ್ಲ, ಹಾಕಿ ತೆಗೆಯುವ ಗೋಜೇ ಬೇಡವೆಂದು ಮನೆಯಲ್ಲೂ ಬಿಟ್ಟಿದ್ದೆ. ನನಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲವೆಂದು ನನಗೆ ಅವತ್ತು ಆ ಕ್ಷಣದಲ್ಲಿ ಗೊತ್ತಾಯಿತು. ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಯಿತು. ಈ ಮನುಷ್ಯ ಕಲಿಸಿ ಔಷಧಿ ಹತ್ತಿಬಿಟ್ಟರೆ ನನ್ನ ಕೈ ಯಾವತ್ತೂ ತುಂಬಿರಲಿಲ್ಲ ಎಂದಾಯಿತು. ಹಾಗಾದರೆ ಪುಟ್ಟಗೌರಮ್ಮ? ಅವರಿಗೆ ಕಾಲ ಬಂದಿರಲಿಲ್ಲ. ಅವರ ಬಾಯಿ ಮುಚ್ಚಿಸಿದವಳು ನಾನು. ಕುರ್ಚಿಯಿಂದ ಏಳದೆ, 'ನನಗಾಗಲ್ಲ, ಬೇರೆ ಯಾರನ್ನಾದ್ರೂ ಕರಿ' ಎಂದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಶಾಲು ಬೀರುವಿನಲ್ಲಿ ಹಾಗೇ ಇರುತ್ತಿತ್ತು.

ಪ್ರೊಫೆಸರರು ಗೋಡೆಯ ಕಡೆಯಿಂದ, 'ನೀರು' ಎಂದರು. ತುಟಿ ಒಡೆದು ರಕ್ತ ಬಂದಿತ್ತು. ನಾನು ಎದ್ದು ನೀರು ಕುಡಿಸಿ, ಸ್ಟೂಲಿನ ಮೇಲೆ ಕೂತೆ. 'ನನಗೆ ಬಳೆ ತೊಡಿಸೋಕೆ ಬರಲ್ಲ ಸಾರ್, ಕಲಿಸಿ' ಎಂದೆ. ಎರಡು ಸಾರಿ ಹೇಳಬೇಕಾಯಿತು.

ಹೊನ್ನೂರ್‌ಬೀ ಚೀಲದಿಂದ ಕಾಗದದಲ್ಲಿ ಸುತ್ತಿದ್ದ ಹಸಿರು ಗಾಜಿನ ಬಳೆ ತೆಗೆದಳು, ಡ್ಯೂಟಿ ಮುಗಿದ ಮೇಲೆ ಹಾಕಿಕೊಳ್ಳುವವು. ತನ್ನ ಕೈಯನ್ನೇ ನನ್ನ ಮುಂದೆ ಚಾಚಿದಳು. ಪ್ರೊಫೆಸರರು ಮಲಗಿದಲ್ಲಿಂದಲೇ ನೋಡುತ್ತಿದ್ದರು. ನಾನು ಅವರು ಹಿಡಿದ ಹಾಗೇ ಹಿಡಿದು, ಹೆಬ್ಬೆರಳು ಮಡಚಿ, ಬಳೆ ಏರಿಸಿದೆ. ಗೆಣ್ಣಿನ ಹತ್ತಿರ ಚಟ್ಟೆಂದು ಒಡೆಯಿತು. ಇನ್ನೊಂದು ತೆಗೆದುಕೊಂಡು, 'ಯಾವೂರು ನಿಂದು?' ಎಂದು ಕೇಳುತ್ತಾ ಏರಿಸಿದೆ. ಅದೂ ಒಡೆದು, ಹುಡುಗಿಯ ಕೈಯಲ್ಲಿ ರಕ್ತದ ಗೆರೆ ಮೂಡಿತು.

'ಕೇಳಿದ್ರಿ, ಆದ್ರೆ ಕೇಳಿಸ್ಕೊಳ್ಳಲಿಲ್ಲ' ಎಂದರು ಪ್ರೊಫೆಸರರು. ಉಸಿರು ಸಾಲದೆ ಬಿಟ್ಟು ಬಿಟ್ಟು ಹೇಳಿದರು. 'ನಮ್ಮಪ್ಪ ಹೇಳೋರು, ಸುಮ್ನೆ ಬಾಯಿಮಾತಿಗೆ ಕೇಳಿದ್ರೆ ಕೈಗೆ ಗೊತ್ತಾಗಿಬಿಡುತ್ತೆ, ಬಿಗಿ ಹಿಡ್ಕೊಂಡುಬಿಡುತ್ತೆ. ನಿಮಗೆ ನಿಜವಾಗ್ಲೂ ಬೇಕಾಗಿರೋದನ್ನ ಕೇಳಿ. ಉತ್ತರ ಹೇಳೋಕೆ ಹೋದಾಗ ಅವಳು ಕೈ ಮರೀತಾಳೆ. ಆಗ ಬಳೆನ ಓರೆ ಮಾಡಿ ಉರುಳಿಸಿ. ನೂಕಬೇಡಿ.'

ನನಗೆ ನಿಜವಾಗಿಯೂ ಬೇಕಾಗಿದ್ದದ್ದು ಏನು? ಹುಡುಗಿಯ ಕೈಯನ್ನು ಮತ್ತೆ ಹಿಡಿದುಕೊಂಡೆ. ಹಾಜರಿ ಪುಸ್ತಕದಲ್ಲಿ ಇವಳ ಹೆಸರಿನ ಮೇಲೆ ಗೆರೆ ಎಳೆದವಳು ನಾನೇ. 'ನಿನ್ನ ಹೊರಗೆ ಹಾಕಿದಾಗ ನಾನು ಸುಮ್ನಿದ್ದೆನಲ್ಲ, ನನ್ನ ಬಗ್ಗೆ ಏನಂದ್ಕೊಂಡೆ?' ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, 'ನಿಮಗೆ ಎಲ್ಲಾ ಗೊತ್ತು ಅಂತಾರಲ್ಲ ಮೇಡಂ, ನಾನು ಮಾಡಿದ್ದು ತಪ್ಪೇ ಇರಬೇಕು ಅಂದ್ಕೊಂಡೆ. ಮೂರು ದಿನ ಊಟ ಸೇರಲಿಲ್ಲ' ಎಂದಳು. ನಾನು ಕೇಳಿಸಿಕೊಂಡೆ. ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಬಂದು ನಿಂತಿದ್ದು ನನಗೆ ಗೊತ್ತೇ ಆಗಲಿಲ್ಲ.

ಮಾತ್ರೆ ಕೊಟ್ಟೆ. ಇಪ್ಪತ್ತು ನಿಮಿಷಕ್ಕೆ ಪ್ರೊಫೆಸರರ ಹಣೆಯಲ್ಲಿ ಬೆವರು ಕಾಣಿಸಿತು. ಥರ್ಮಾಮೀಟರಿನಲ್ಲಿ ನೂರೆರಡು. ಹೊನ್ನೂರ್‌ಬೀ 'ಹತ್ತಿತು ಮೇಡಂ, ಹತ್ತಿತು!' ಎಂದು ಕುಣಿದಾಡಿಬಿಟ್ಟಳು. ನಾನು ಸೂಜಿ ಸಿದ್ಧಮಾಡಿ ಚುಚ್ಚಿದೆ. ಒಂಬತ್ತು ವರ್ಷದ ಮೇಲೆ ಮೊದಲ ಸಲ. ಆಮೇಲೆ ಸ್ಟೋರ್ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು ಗೋಳೋ ಎಂದು ಅತ್ತೆ.

ಸಂಜೆ ನಾಲ್ಕಕ್ಕೆ ಸಭೆ ಮುಗಿಯಿತು. ಜ್ವರ ಇಳಿದದ್ದು ತಿಳಿದು, ಸಭೆಯ ಫಲವಾಗಿಯೇ ಇಳಿಯಿತೆಂದು ನಡಾವಳಿಯಲ್ಲಿ ಬರೆದುಕೊಂಡರು. ಒಂಬತ್ತು ದಿನಕ್ಕೆ ಪ್ರೊಫೆಸರರು ಎದ್ದು ಓಡಾಡಿದರು. ನಾನು ಗುಟ್ಟಾಗಿ, 'ಸಾರ್, ಆ ಬಳೆ ವಿಚಾರ ಇನ್ಯಾರಿಗೂ ಹೇಳಬೇಡಿ, ಮುಂದಿನ ಕಾಯಿಲೆಗೆ ಇಟ್ಕೊಳ್ಳಿ' ಎಂದು ಬುದ್ಧಿ ಹೇಳಿದೆ. ಕೇಳುವ ಪೈಕಿಯೇ? ಸಮಾರೋಪದ ದಿನ ನಲವತ್ತಮೂರನೇ ಸ್ಲೈಡು ಬಂತು: 'ಬಳೆ ಮಾದರಿ ನಾಯಕತ್ವ, ನಾಲ್ಕು ಹಂತಗಳು'. ಹನ್ನೊಂದು ಹುಡುಗಿಯರೂ ಬರೆದುಕೊಂಡರು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬಂತು, ಎಲ್ಲರೂ ಐದಕ್ಕೆ ಐದು ತೆಗೆದರು. ಒಬ್ಬಳ ಕೈಗೂ ಬಳೆ ಏರಿಸಲು ಬರುವುದಿಲ್ಲ, ಅದು ಬೇರೆ ಮಾತು. ಬಸ್ಸು ಹತ್ತುವ ಮುಂಚೆ ಮಾತ್ರ ಪ್ರೊಫೆಸರರು ಹೊನ್ನೂರ್‌ಬೀಯನ್ನು ಹುಡುಕಿಕೊಂಡು ವಾರ್ಡಿಗೆ ಬಂದು, 'ತಪ್ಪಾಯ್ತು ಕಣವ್ವಾ' ಎಂದರು. ಅದನ್ನು ಯಾವ ಸ್ಲೈಡಿಗೂ ಹಾಕಲಿಲ್ಲವೆಂದು ಕಾಣುತ್ತದೆ.

ಅವರ ಬಸ್ಸು ಹೋದ ದಿನವೇ ನಾನು ಶಾಲನ್ನು ಕಾಗದದಲ್ಲಿ ಸುತ್ತಿಕೊಂಡು ಸುಶೀಲಮ್ಮನ ಮನೆಗೆ ಹೋದೆ. ಆಕೆ ಜಗಲಿಯಲ್ಲಿ ಕೂತು ಹುಣಸೇಹಣ್ಣಿನ ಬೀಜ ಕುಟ್ಟಿ ತೆಗೆಯುತ್ತಿದ್ದಳು. ನನ್ನನ್ನು ನೋಡಿ ಗಡಬಡಿಸಿ ಎದ್ದು, ಚಾಪೆ ಹಾಸಿ, 'ಬನ್ನಿ ಸಿಸ್ಟರ್, ಬನ್ನಿ. ನಿಮ್ಮಂಥೋರು ನಮ್ಮನೆಗೆ ಬರೋದು ಅಂದ್ರೆ!' ಎಂದಳು. ನಾನು ಕೂತು, ಶಾಲಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, 'ಸುಶೀಲಮ್ಮಾ, ನಿಮ್ಮವ್ವ ಹುಣಸೇಹಣ್ಣು ಕಟ್ಟಿಡೋವಾಗ, ಉಪ್ಪು ಹಾಕೋಕೆ ಮುಂಚೆ ಏನೋ ಮಾಡ್ತಿದ್ರಲ್ಲ, ಏನದು?' ಎಂದು ಕೇಳಿದೆ.

ಸುಶೀಲಮ್ಮ ನಕ್ಕಳು. 'ನನ್ನೇ ಕೇಳ್ತೀರಾ? ಅವ್ವ ನಮಗೆ ಯಾರಿಗೂ ಹೇಳಿಕೊಡ್ಲಿಲ್ಲ. ಬಾಗಿಲು ಹಾಕ್ಕೊಂಡು ಮಾಡೋಳು. ಕಾಯಿಲೆಗೆ ಅಂತ ಇಟ್ಕೊಂಡಿದ್ಲು. ಅವಳ ಹಣ್ಣು ಮೂರು ವರ್ಷ ಆದ್ರೂ ಕಪ್ಪಾಗ್ತಿರಲಿಲ್ಲ ನೋಡಿ, ನಮ್ಮದು ಆರು ತಿಂಗಳಿಗೇ ಹೋಗುತ್ತೆ. ನಿಮಗೊಬ್ಬರಿಗೇ ಗೊತ್ತಿರೋದು. ಯಾವತ್ತಾದ್ರೂ ಬಂದು ಕೇಳಬೇಕು ಅಂತ ಒಂಬತ್ತು ವರ್ಷದಿಂದ ಅಂದ್ಕೊಳ್ತಿದ್ದೆ, ದೊಡ್ಡವರಲ್ಲ ಅಂತ ಸಂಕೋಚ. ಹೇಳಿ ಸಿಸ್ಟರ್, ಏನ್ ಮಾಡ್ತಿದ್ಲು ನಮ್ಮವ್ವ?'

ಬೀಜ ಕುಟ್ಟುವ ಕಲ್ಲನ್ನು ಪಕ್ಕಕ್ಕಿಟ್ಟು, ಕಲಿಯಲು ಕೂತ ಮಗುವಿನಂತೆ ಎರಡೂ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು.

'ನನಗೆ ಗೊತ್ತಿಲ್ಲ ಸುಶೀಲಮ್ಮ' ಎಂದೆ. 'ಅವತ್ತೂ ಗೊತ್ತಿರಲಿಲ್ಲ. ಅವರು ಹೇಳೋಕೆ ಬಂದ್ರು, ನಾನು ಕೇಳಲಿಲ್ಲ.'

ಬಯ್ಯುತ್ತಾಳೆ, ಚಾಪೆಯಿಂದ ಎಬ್ಬಿಸುತ್ತಾಳೆ ಎಂದು ಕಾದೆ. ಅವಳು ನನ್ನ ತೊಡೆಯ ಮೇಲಿದ್ದ ಪೊಟ್ಟಣವನ್ನು ನೋಡಿದಳು. ಕಾಗದದ ಸಂದಿಯಿಂದ ಕೆಂಪು ಅಂಚು ಕಾಣುತ್ತಿತ್ತು.

'ಹಂಗಾದ್ರೆ ಅವತ್ತು ಇದನ್ನ ಯಾಕ್ ಹೊದ್ಕೊಂಡ್ರಿ?' ಎಂದು ಕೇಳಿದಳು.

ಮೂವತ್ತು ವರ್ಷ ಈ ಊರಿನ ರೋಗಿಗಳು ನನಗೆ ಏನೇನೆಲ್ಲ ಕಲಿಸಿದ್ದಾರೆ. ಆದರೆ ನಿಜವಾಗಿಯೂ ನನಗೆ ಚೆನ್ನಾಗಿ ಗೊತ್ತಿದ್ದ ಉತ್ತರ ಅದೊಂದೇ. ಹೊದ್ದುಕೊಂಡರೆ ತಪ್ಪು ನನ್ನದಲ್ಲ ಎಂದಾಗುತ್ತಿತ್ತು. ಅದನ್ನು ಹೇಳುವ ಬದಲು ಪೊಟ್ಟಣವನ್ನು ಅವಳ ಮುಂದಿಟ್ಟೆ. ಸುಶೀಲಮ್ಮ ಅದನ್ನು ಮುಟ್ಟದೆ, ಕಲ್ಲನ್ನು ಮತ್ತೆ ಹತ್ತಿರ ಎಳೆದುಕೊಂಡು ಬೀಜ ಕುಟ್ಟತೊಡಗಿದಳು.